ದಾಳಿಯ ನಂತರ ತಾನೇ ಎದ್ದು ನಿಲ್ಲುವ ಕಂಪ್ಯೂಟರ್

ಕೇಳುಗರಿಗೆ ನಮಸ್ಕಾರ.

2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ ಡೆನ್ಮಾರ್ಕಿನ ಹಡಗು ಕಂಪನಿ ಮೇರ್ಸ್ಕ್‌ನ ಜಾಲಕ್ಕೆ ನುಗ್ಗಿತು. ಯಾರು ಯಾವ ಯಂತ್ರದೊಳಗೆ ಹೋಗಬಹುದೆಂದು ತೀರ್ಮಾನಿಸುವ ಡೊಮೇನ್ ಕಂಟ್ರೋಲರ್ ಸರ್ವರ್‌ಗಳು ಅಲ್ಲಿ ಸುಮಾರು 150 ಇದ್ದವು. ಒಂದು ಕೆಟ್ಟರೆ ಇನ್ನೊಂದರಿಂದ ತುಂಬಿಕೊಳ್ಳಲೆಂದು ಅವು ಸದಾ ಪರಸ್ಪರ ನಕಲು ಮಾಡಿಕೊಳ್ಳುತ್ತಿದ್ದವು. ಆದರೂ ಹೆಚ್ಚುಕಡಿಮೆ ಎಲ್ಲವೂ ಒಟ್ಟಿಗೇ ಅಳಿಸಿಹೋದವು. ಉಳಿದದ್ದು ಘಾನಾದಲ್ಲಿದ್ದ ಒಂದೇ ಒಂದು, ಅದೂ ದಾಳಿಗೆ ಮುಂಚೆ ಅಲ್ಲಿ ಕರೆಂಟು ಹೋಗಿದ್ದರಿಂದ.

ಕರೆಂಟು ಹೋಗಿ ಆದ ಆ ಉಪಕಾರವನ್ನು ನಾವು ವಿನ್ಯಾಸದಲ್ಲೇ ಇಡಬೇಕು. ತಾನೇ ದುರಸ್ತಿಯಾಗುವ ವ್ಯವಸ್ಥೆಗೆ ಮೊದಲು ಬೇಕಾದದ್ದು ಮುಖ್ಯ ಯಂತ್ರದ ಕೈಗೆ ಎಟುಕದ ಒಂದು ಶುದ್ಧ ಪ್ರತಿ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್, 2018ರ ತನ್ನ 800-193 ಮಾರ್ಗಸೂಚಿಯಲ್ಲಿ ಫರ್ಮ್‌ವೇರ್‌ಗೆ, ಅಂದರೆ ಯಂತ್ರದ ಚಿಪ್‌ಗಳಲ್ಲೇ ಕೂತು ಅದನ್ನು ಎಬ್ಬಿಸುವ ಮೂಲ ತಂತ್ರಾಂಶಕ್ಕೆ, ಮೂರು ಕೆಲಸ ಹೇಳಿದೆ: ಕಾಪಾಡುವುದು, ಪತ್ತೆಹಚ್ಚುವುದು, ಮೊದಲಿನ ಸ್ಥಿತಿಗೆ ತರುವುದು. ಇದನ್ನು ಮಾಡುವ ಒಂದು ಬಗೆ ಹೀಗಿದೆ. ಮದರ್‌ಬೋರ್ಡಿನ ಮೇಲೆ ಪ್ರತ್ಯೇಕವಾದ ಪುಟ್ಟ ಚಿಪ್ ಇರುತ್ತದೆ. ಕರೆಂಟು ಬಂದೊಡನೆ ಮೊದಲು ಏಳುವುದು ಅದೇ. ಮುಖ್ಯ ಪ್ರೊಸೆಸರನ್ನು ತಡೆದಿಟ್ಟು ಫರ್ಮ್‌ವೇರನ್ನು ಯಾರೂ ತಿದ್ದಿಲ್ಲವೆಂದು ತೋರಿಸುವ ಡಿಜಿಟಲ್ ಸಹಿಯನ್ನು ಪರೀಕ್ಷಿಸುತ್ತದೆ. ಸಹಿ ತಾಳೆಯಾಗದಿದ್ದರೆ ತನ್ನ ಬಳಿಯ ಪ್ರತಿಯಿಂದ ಮತ್ತೆ ಬರೆಯುತ್ತದೆ.

ಓಡುತ್ತಿರುವ ಯಂತ್ರವನ್ನೇ ವೈರಿ ಹಿಡಿದರೆ? ಯಂತ್ರದಿಂದ ಆಗಾಗ ಸಂಕೇತ ಬಾರದಿದ್ದರೆ ಅದನ್ನು ರೀಬೂಟ್ ಮಾಡುವ ಸಾಮಾನ್ಯ ವಾಚ್‌ಡಾಗ್ ಟೈಮರ್ ಇಲ್ಲಿ ಸಾಲದು. "ನಾನು ಚೆನ್ನಾಗಿದ್ದೇನೆ" ಎಂಬ ಸಂಕೇತವನ್ನು ಕುತಂತ್ರಾಂಶವೂ ಕಳಿಸಬಲ್ಲದು. ಹಾಗಾಗಿ ಚಿಪ್ ಪ್ರತಿಸಲವೂ ಹೊಸ ಯಾದೃಚ್ಛಿಕ ಸಂಖ್ಯೆ ಕೊಡಬೇಕು, ಯಂತ್ರ ಸರಿಯಿದೆ ಎನಿಸಿದರೆ ಮಾತ್ರ ಹೊರಗಿನ ನಿರ್ವಹಣಾ ಸರ್ವರ್ ಅದಕ್ಕೆ ಸಹಿ ಹಾಕಿ ಹಿಂದಿರುಗಿಸಬೇಕು. ಗಡುವಿನೊಳಗೆ ಬಾರದಿದ್ದರೆ ಬಲವಂತದ ರೀಬೂಟ್. ಸಂಖ್ಯೆ ಹೊಸದಾದ್ದರಿಂದ ಹಳೆಯ ಉತ್ತರವನ್ನು ಮತ್ತೆ ಬಳಸಲಾಗದು.

ಸೇವೆ ನಿಲ್ಲಲೇಬಾರದೆಂದರೆ ಒಂದೇ ಕೆಲಸವನ್ನು ಒಟ್ಟಿಗೆ ಮಾಡುವ ಹಲವು ಯಂತ್ರಗಳು ಬೇಕು. ಒಂದು ಸುಳ್ಳಾಡಿದರೂ ಸರಿಯುತ್ತರ ಬರಲು ಕನಿಷ್ಠ 4. ಸರದಿಯಂತೆ ಒಂದನ್ನು ಶುದ್ಧಿಗೆ ತೆಗೆಯುತ್ತಿದ್ದರೆ 6. ಆರರಲ್ಲೂ ಒಂದೇ ತಂತ್ರಾಂಶವಿದ್ದರೆ ಒಂದೇ ದೋಷ ಆರನ್ನೂ ಕೆಡವುತ್ತದೆ. ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕುವ ಖರ್ಚು ಖಂಡಿತ ದಂಡವಲ್ಲ.

ಶುದ್ಧ ಪ್ರತಿ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯದು. ಹಳೆಯ ಪ್ರತಿಯೊಂದಿಗೆ ಹಳೆಯ ದೋಷವೂ ಮರಳುತ್ತದೆ, ಕದ್ದ ಪಾಸ್‌ವರ್ಡ್‌ಗಳೂ ಚಾಲ್ತಿಯಲ್ಲೇ ಇರುತ್ತವೆ. ಆದ್ದರಿಂದ ಜಾಲಕ್ಕೆ ಸೇರಿಸುವ ಮೊದಲೇ ದೋಷ ಮುಚ್ಚುವ ಪ್ಯಾಚ್ ಹಾಕಿ, ಪಾಸ್‌ವರ್ಡ್, ಕೀಲಿಗಳನ್ನೆಲ್ಲ ಬದಲಿಸಬೇಕು.

ಎಲ್ಲಕ್ಕಿಂತ ಕಷ್ಟದ್ದು ದತ್ತಾಂಶ. ವೈರಿ ಒಳಹೊಕ್ಕು ವಾರಗಳಾದ ಮೇಲೆ ಗೊತ್ತಾದರೆ, ನಡುವಿನ ಬ್ಯಾಕಪ್‌ಗಳನ್ನೂ ನಂಬುವಂತಿಲ್ಲ. ಪ್ರವೇಶಕ್ಕೆ ಮುಂಚಿನ ಪ್ರತಿಗೆ ಹೋಗಿ, ಬೇರೆಡೆ ಅಳಿಸಲಾಗದಂತೆ ದಾಖಲಿಸಿಟ್ಟ ವ್ಯವಹಾರಗಳನ್ನು ಒಂದೊಂದಾಗಿ ಮತ್ತೆ ನಡೆಸಬೇಕು. ಅವುಗಳಲ್ಲಿ ಯಾವುದು ನಿಜ, ಯಾವುದು ವೈರಿಯದು ಎಂಬ ತೀರ್ಮಾನವನ್ನು ಯಂತ್ರಕ್ಕೆ ಬಿಡಬಾರದು. ಲೆಕ್ಕ ಬಲ್ಲವರು ಕೂತು ನೋಡಬೇಕು. ಅಲ್ಲಿಯವರೆಗೆ ವ್ಯವಸ್ಥೆ ಓದುವುದಕ್ಕೆ ಮಾತ್ರ ತೆರೆದಿರಲಿ.

ನಮಸ್ಕಾರ.