ಶಿಯಾನ್‌ನಲ್ಲಿ ಒಂದೇ ದಿನ ಇದ್ದರೆ ಮಣ್ಣಿನ ಸೈನಿಕರನ್ನು ಬಿಟ್ಟುಬಿಡಿ

ಮೊದಲೇ ಹೇಳಿಬಿಡುತ್ತೇನೆ, ಬಯ್ಯುವವರು ಬಯ್ಯಿರಿ. ಚೀನಾದ ಶಿಯಾನ್ ನಗರದಲ್ಲಿ ನಿಮಗೆ ಸಿಗುವುದು ಒಂದೇ ದಿನ ಅಂದರೆ, ಟೆರಾಕೋಟಾ ಸೈನಿಕರನ್ನು, ಅಂದರೆ ಚೀನಾದ ಮೊದಲ ಚಕ್ರವರ್ತಿಯ ಸಮಾಧಿಗೆ ಕಾವಲಿಟ್ಟ ಸುಟ್ಟ ಮಣ್ಣಿನ ಸೈನ್ಯವನ್ನು, ನೋಡಲು ಹೋಗಬೇಡಿ.

1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕ ಆ ಸೈನ್ಯ ದೊಡ್ಡದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಇರುವುದು ಊರಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ. ಅಲ್ಲಿಗೆ ಹೋಗಿ, ಸಾಲಿನಲ್ಲಿ ನಿಂತು, ಮುಂದಿನವರ ತಲೆಗಳ ಮಧ್ಯೆ ಇಣುಕಿ, ಮತ್ತೆ ಊರಿಗೆ ಬರುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಊರನ್ನು ನೋಡುವುದು ಯಾವಾಗ? ಸೈನಿಕರಿಗೆ ಎರಡನೇ ದಿನ ಇಡಿ.

ಬೆಳಿಗ್ಗೆ ಕೋಟೆಗೋಡೆ ಹತ್ತಿ. ದಕ್ಷಿಣ ಬಾಗಿಲಿನಿಂದ ಹತ್ತಿದರೆ ಮೇಲೆ ಸೈಕಲ್ ಬಾಡಿಗೆಗೆ ಸಿಗುತ್ತದೆ. ಹೌದು, ಗೋಡೆಯ ಮೇಲೆ ಸೈಕಲ್! 12 ಮೀಟರ್ ಎತ್ತರದ ಗೋಡೆ, ಮೇಲೆ ನಮ್ಮ ರಸ್ತೆಗಿಂತ ಜಾಸ್ತಿ ಅಗಲ. ಒಂದು ಸುತ್ತು ಹಾಕಿದರೆ ಸುಮಾರು 14 ಕಿಲೋಮೀಟರ್. ಮಿಂಗ್ ಅರಸರು 14ನೇ ಶತಮಾನದಲ್ಲಿ ಕಟ್ಟಿಸಿದ್ದು. ಇಟ್ಟಿಗೆ ಹಾಸು ಏರುಪೇರಾಗಿದೆ, ಕೈ ಜುಮ್ಮೆನ್ನುತ್ತದೆ, ಆದರೂ ಪೂರ್ತಿ ಸುತ್ತು ಹಾಕಿ. ನೈಋತ್ಯ ಮೂಲೆಗೆ ಬಂದಾಗ ಒಂದು ನಿಮಿಷ ನಿಲ್ಲಿ. ಉಳಿದ ಮೂರು ಮೂಲೆ ಚೌಕ, ಇದೊಂದು ಮಾತ್ರ ದುಂಡು. ಒಳಗಡೆ ಮನೆಗಳ ತಾರಸಿ, ಒಣಗಲು ಹಾಕಿದ ಬಟ್ಟೆ, ಪಾರ್ಕಿನಲ್ಲಿ ಕೈಕಾಲು ಆಡಿಸುವ ಅಜ್ಜಂದಿರು, ಎಲ್ಲ ಕಾಣುತ್ತದೆ. ಊರು ಪರಿಚಯ ಆಗುವುದು ಹೀಗೆ.

ಇಳಿದಾಗ ಹೊಟ್ಟೆ ಚುರುಗುಟ್ಟುತ್ತಿರುತ್ತದೆ. ನೇರ ಡ್ರಮ್ ಟವರ್ ಹಿಂದಿನ ಮುಸ್ಲಿಂ ಕೇರಿಗೆ ಹೋಗಿ. ಮುಖ್ಯ ಬೀದಿಯಲ್ಲಿ ಕಡ್ಡಿಗೆ ಚುಚ್ಚಿದ್ದೆಲ್ಲ ಫೋಟೋಗೆ ಚೆನ್ನ, ಊಟಕ್ಕೆ ಮಾತ್ರ ಪಕ್ಕದ ಓಣಿಗಳೇ ಸರಿ. ಅಲ್ಲಿ ಪಾವ್‌ಮೋ ಕೇಳಿ. ಇದು ಕುರಿ ಮಾಂಸದ ಸಾರು. ಆದರೆ ಮೊದಲು ನಿಮ್ಮ ಮುಂದೆ ಬರುವುದು ಖಾಲಿ ಬಟ್ಟಲು ಮತ್ತು ಎರಡು ಗಟ್ಟಿ ರೊಟ್ಟಿ. ಆ ರೊಟ್ಟಿಯನ್ನು ನೀವೇ ಕೈಯಲ್ಲಿ ಮುರಿಯಬೇಕು, ಕಡಲೆಕಾಳಿನಷ್ಟು ಸಣ್ಣ ಚೂರು ಮಾಡಬೇಕು. ಆತುರದಲ್ಲಿ ದೊಡ್ಡ ತುಂಡು ಹಾಕಿದರೆ ಸಾರು ಒಳಗೆ ಇಳಿಯುವುದಿಲ್ಲ. ಅರ್ಧ ಗಂಟೆ ಹಿಡಿಯುತ್ತದೆ, ಬೆರಳು ನೋಯುತ್ತದೆ. ಪಕ್ಕದ ಟೇಬಲ್ಲಿನಲ್ಲಿ ಹರಟುತ್ತಾ ಹರಟುತ್ತಾ ರೊಟ್ಟಿ ಮುರಿಯುವವರನ್ನು ನೋಡಿದರೆ, ಮನೆ ಜಗುಲಿಯಲ್ಲಿ ಕೂತು ಅವರೆಕಾಯಿ ಬಿಡಿಸುವವರ ನೆನಪಾಗುತ್ತದೆ. ಆಮೇಲೆ ಬಟ್ಟಲು ಅಡುಗೆಮನೆಗೆ ಹೋಗಿ, ಸಾರಿನಲ್ಲಿ ಕುದ್ದು, ನಿಮ್ಮದೇ ಬಟ್ಟಲು ನಿಮಗೇ ವಾಪಸ್ ಬರುತ್ತದೆ. ಜೊತೆಗೆ ಸಿಹಿ ಬೆಳ್ಳುಳ್ಳಿ ಉಪ್ಪಿನಕಾಯಿ. ಈಗ ಮಷಿನ್‌ನಲ್ಲಿ ಕತ್ತರಿಸಿದ ರೊಟ್ಟಿಯೂ ಸಿಗುತ್ತದೆ. ದಯವಿಟ್ಟು ಅದನ್ನು ತಗೋಬೇಡಿ. ಆ ಅರ್ಧ ಗಂಟೆಯೇ ಊಟದ ಅರ್ಧ ರುಚಿ.

ಅದೇ ಕೇರಿಯೊಳಗೆ ದೊಡ್ಡ ಮಸೀದಿ ಇದೆ. ಗುಮ್ಮಟ ಹುಡುಕಬೇಡಿ, ಸಿಗುವುದಿಲ್ಲ. ಹಂಚಿನ ಮಾಡು, ಮರದ ಕಂಬ, ಅಂಗಳದ ಹಿಂದೆ ಅಂಗಳ, ಎಲ್ಲ ಚೀನೀ ಮನೆಯ ಹಾಗೆ. ಗದ್ದಲದ ಬೀದಿಯಿಂದ ಒಳಗೆ ಕಾಲಿಟ್ಟರೆ ಹಕ್ಕಿ ಕೂಗುವುದು ಕೇಳಿಸುತ್ತದೆ.

ಮಧ್ಯಾಹ್ನ ಮೆಟ್ರೋ ಹಿಡಿದು ಬಿಗ್ ವೈಲ್ಡ್ ಗೂಸ್ ಪಗೋಡಾಕ್ಕೆ. ಕನ್ನಡದವರು ಇದನ್ನು ತಪ್ಪಿಸಲೇಬಾರದು. ಯಾಕೆ ಗೊತ್ತಾ? ಶಾಲೆಯಲ್ಲಿ ಓದಿದ ಹ್ಯೂಯೆನ್ ತ್ಸಾಂಗ್ ನೆನಪಿದ್ದಾನಲ್ವಾ? 645ರಲ್ಲಿ ಭಾರತದಿಂದ ವಾಪಸ್ ಬಂದ ಅವನು ಹೊತ್ತು ತಂದ 657 ಗ್ರಂಥಗಳನ್ನು ಜೋಪಾನ ಮಾಡಲು 652ರಲ್ಲಿ ಕಟ್ಟಿದ ಗೋಪುರ ಇದು. ಈಗಿರುವುದು ಏಳು ಅಂತಸ್ತು, 64 ಮೀಟರ್. ನಮ್ಮ ಇಮ್ಮಡಿ ಪುಲಕೇಶಿಯ ಬಗ್ಗೆ, ಹರ್ಷನಿಗೂ ಅವನನ್ನು ಮಣಿಸಲು ಆಗಲಿಲ್ಲ ಎಂದು, ಯುದ್ಧಕ್ಕೆ ಮೊದಲು ಆನೆಗಳಿಗೆ ಹೆಂಡ ಕುಡಿಸುತ್ತಿದ್ದರು ಎಂದು, ಪುಲಕೇಶಿಯ ನಾಡಿನ ಜನ ಉಪಕಾರ ಮರೆಯುವುದಿಲ್ಲ, ಅಪಕಾರವನ್ನೂ ಬಿಡುವುದಿಲ್ಲ ಎಂದು ಬರೆದಿಟ್ಟವನು ಅವನೇ. ಆ ನಾಡನ್ನು ಕಣ್ಣಾರೆ ಕಂಡವನು ಊರಿಗೆ ಮರಳಿ ಕೂತು ಕೆಲಸ ಮಾಡಿದ ಜಾಗ. ಐಹೊಳೆ, ಬಾದಾಮಿ ನೋಡಿದವರು ಇಲ್ಲಿ ನಿಂತರೆ ಮೈ ಜುಂ ಅನ್ನುತ್ತದೆ. ನನಗಂತೂ ಅಂದಿತು. ಗೋಪುರ ಹತ್ತಲು ಬೇರೆ ಟಿಕೆಟ್, ಸಂಜೆಗೆ ಬಾಗಿಲು ಹಾಕುತ್ತಾರೆ, ಬೇಗ ಹೋಗಿ.

ಸಸ್ಯಾಹಾರಿಗಳು ಏನು ಮಾಡಬೇಕು ಅಂತ ಕೇಳುತ್ತೀರಿ, ಗೊತ್ತು. ನಿಮಗೆ ಒಂದು ರಾತ್ರಿ ಊಟ ಇದೆ. "ವೊ ಚೀ ಸು" ಅನ್ನಿ, ನಾನು ಸಸ್ಯಾಹಾರಿ ಅಂತ ಅರ್ಥ. ಕೊಚ್ಚಿದ ಮಾಂಸ ಹಾಕಬೇಡಿ ಎಂದು ಫೋನಿನಲ್ಲಿ ಚೀನೀ ಭಾಷೆಯಲ್ಲಿ ಬರೆದೂ ತೋರಿಸಿ. ಆಮೇಲೆ ಬ್ಯಾಂಗ್‌ಬ್ಯಾಂಗ್ ನೂಡಲ್ಸ್ ಕೇಳಿ, ಸೊಂಟದ ಬೆಲ್ಟಿನಷ್ಟು ಅಗಲದ ನೂಡಲ್ಸ್. ಹಿಟ್ಟನ್ನು ಎಳೆದು ಹಲಗೆಗೆ ಬಡಿಯುವ ಸದ್ದೇ ಅದರ ಹೆಸರು ಅನ್ನುತ್ತಾರೆ. ಬೆಂದ ನೂಡಲ್ಸ್ ಮೇಲೆ ಖಾರದ ಪುಡಿ, ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು ಉದುರಿಸಿ, ಹೊಗೆಯಾಡುವ ಎಣ್ಣೆಯನ್ನು ಮೇಲಿಂದ ಚುಂಯ್ ಅಂತ ಸುರಿಯುತ್ತಾರೆ. ಒಗ್ಗರಣೆ! ನಮ್ಮದೇ ಒಗ್ಗರಣೆಯ ಘಾಟು, ಕೆಮ್ಮು ಬರುವಷ್ಟು. ಬಟ್ಟಲು ಮುಂದೆ ಬಂದ ತಕ್ಷಣ ತಳದಿಂದ ಚೆನ್ನಾಗಿ ಕಲಸಿ, ಬಿಸಿ ಆರುವ ಮೊದಲೇ ತಿನ್ನಿ.