ಎಷ್ಟು ಅಲ್ಲ, ಯಾವುದು

ಕೇಳುಗರಿಗೆ ನಮಸ್ಕಾರ. ಆಹಾರ ವಿಜ್ಞಾನ ಕಲಿಸುವವಳು ಅಂತ ಗೊತ್ತಾದ ಕೂಡಲೇ ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಮೇಡಂ, ದಿನಕ್ಕೆ ಎಣ್ಣೆ ಎಷ್ಟು ತಿನ್ನಬಹುದು?" ಎಷ್ಟು ಅಂತ ಆಮೇಲೆ ನೋಡೋಣ. ಯಾವುದು ಅಂತ ಮೊದಲು ಕೇಳಿ.

ಎಣ್ಣೆ, ಬೆಣ್ಣೆ ಎರಡೂ ಕೊಬ್ಬೇ. ಕೊಬ್ಬಿನ ಮುಖ್ಯ ಭಾಗ ಕೊಬ್ಬಿನ ಆಮ್ಲ, ಅಂದರೆ ಇಂಗಾಲದ ಒಂದು ಸರಪಳಿ. ಸರಪಳಿಗಳು ನೆಟ್ಟಗಿದ್ದರೆ ಒತ್ತೊತ್ತಾಗಿ ಕೂತು ಗಟ್ಟಿಯಾಗುತ್ತವೆ. ಅದು ಸ್ಯಾಚುರೇಟೆಡ್, ಬೆಣ್ಣೆಯಲ್ಲಿ ಜಾಸ್ತಿ ಇರುವಂಥದ್ದು. ಅಲ್ಲಲ್ಲಿ ಬಾಗಿದ್ದರೆ ಒತ್ತಿ ಕೂರಲು ಆಗುವುದಿಲ್ಲ, ಎಣ್ಣೆಯಾಗಿ ಹರಿಯುತ್ತದೆ. ಅದು ಅನ್‌ಸ್ಯಾಚುರೇಟೆಡ್. ಒಂದು ಗ್ರಾಂಗೆ ಎರಡರಲ್ಲೂ 9 ಕ್ಯಾಲೊರಿಯೇ. ಆದರೆ ಹೃದಯಕ್ಕೆ ಎರಡೂ ಒಂದೇ ಅಲ್ಲ.

ಮೂರನೆಯದು ಟ್ರಾನ್ಸ್. ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಅರೆಗಟ್ಟಿ ಮಾಡುವಾಗ, ಬಾಗಿದ ಸರಪಳಿಗಳಲ್ಲಿ ಕೆಲವು ನೆಟ್ಟಗಾಗಿಬಿಡುತ್ತವೆ. ಇದು ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತದೆ, ಒಳ್ಳೆಯದನ್ನು ಇಳಿಸುತ್ತದೆ. ಎರಡೂ ಕಡೆ ನಷ್ಟ.

ಇಲ್ಲಿ ಒಬ್ಬ ಅಜ್ಜನ ಕಥೆ ಹೇಳದೆ ನನಗೆ ಮುಂದೆ ಹೋಗಲು ಆಗುವುದಿಲ್ಲ. ಫ್ರೆಡ್ ಕುಮೆರೋ ಅಂತ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ವಿಜ್ಞಾನಿ. ಹೃದ್ರೋಗದಿಂದ ಸತ್ತವರ ರಕ್ತನಾಳಗಳಲ್ಲಿ ಟ್ರಾನ್ಸ್ ಕೊಬ್ಬು ಸೇರಿಕೊಂಡಿದೆ ಅಂತ 1957ರಲ್ಲೇ ಬರೆದರು. ಆಗ ಎಲ್ಲರ ಅನುಮಾನ ಬೆಣ್ಣೆಯ ಮೇಲೆ. ಇವರ ಮಾತು ಯಾರಿಗೂ ಬೇಡವಾಯಿತು. ಮನುಷ್ಯ ಬಿಡಲಿಲ್ಲ. ದಶಕಗಳು ಕಳೆದವು. ಡೆನ್ಮಾರ್ಕ್ 2003ರಲ್ಲೇ ಕಾನೂನು ಮಾಡಿ ಟ್ರಾನ್ಸ್‌ಗೆ ಕಡಿವಾಣ ಹಾಕಿತು. ಇವರ ದೇಶದಲ್ಲಿ ಮಾತ್ರ ನಿಷೇಧ ಬರಲಿಲ್ಲ. 2009ರಲ್ಲಿ, 94ನೇ ವಯಸ್ಸಿನಲ್ಲಿ, ಇದನ್ನು ನಿಷೇಧಿಸಿ ಅಂತ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಅರ್ಜಿ ಹಾಕಿದರು. ನಾಲ್ಕು ವರ್ಷ ಕಾದರು. 2013ರಲ್ಲಿ, 98 ವರ್ಷದ ಅಜ್ಜ, ಅದೇ ಎಫ್‌ಡಿಎ ಮೇಲೆ ಕೇಸು ಹಾಕಿದರು! ನಮ್ಮಲ್ಲಿ ಎಷ್ಟು ಜನಕ್ಕೆ ಆ ಹಟ ಇದೆ, ಹೇಳಿ? 2015ರಲ್ಲಿ ಆದೇಶ ಬಂತು. ಅದು ಜಾರಿಗೆ ಬರಲು 2018 ಆಯಿತು. ಕುಮೆರೋ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು, 102 ವರ್ಷ ಬದುಕಿ.

ನೋಡಿ, ನನ್ನ ಸಮಯವನ್ನೆಲ್ಲ ಅಜ್ಜನೇ ತೆಗೆದುಕೊಂಡರು. ಬಾಗಿದ ಸರಪಳಿಯ ಕೊಬ್ಬಿನಲ್ಲೇ ಎರಡು ಬಗೆ, ಒಮೆಗಾ-3, ಒಮೆಗಾ-6. ಅವುಗಳ ಬಗ್ಗೆ ಒಂದೇ ಮಾತು. ಇವುಗಳ ಮೂಲ ರೂಪವನ್ನು ನಮ್ಮ ದೇಹ ತಾನೇ ತಯಾರಿಸಲಾರದು, ಊಟದಿಂದಲೇ ಬರಬೇಕು. ಹಾಗಾಗಿ "ನಾನು ಕೊಬ್ಬನ್ನೇ ಬಿಟ್ಟಿದ್ದೇನೆ" ಅನ್ನುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಇನ್ನೊಂದು. ಬೆಣ್ಣೆ ಬಿಟ್ಟು ಆ ಜಾಗಕ್ಕೆ ಸಕ್ಕರೆ, ಮೈದಾ ತಂದರೆ ಹೃದಯಕ್ಕೆ ಏನೂ ಲಾಭವಿಲ್ಲ. ಬಾಗಿದ ಸರಪಳಿಯ ಎಣ್ಣೆ ತಂದರೆ ಲಾಭವಿದೆ. ಮತ್ತೆ ಅದೇ ಮಾತು ಬಂತು, ಅಲ್ವಾ? ಯಾವುದು!

ನಾಳೆ ಬಿಸ್ಕತ್ತಿನ ಪೊಟ್ಟಣ ಕೈಗೆ ಬಂದರೆ ಹಿಂದೆ ತಿರುಗಿಸಿ. ಕನ್ನಡಕ ಬೇಕಾಗುತ್ತದೆ, ಅಕ್ಷರ ಅಷ್ಟು ಸಣ್ಣ. 'ಪಾರ್ಷಿಯಲಿ ಹೈಡ್ರೋಜನೇಟೆಡ್', ಅಂದರೆ ಆಗಲೇ ಹೇಳಿದ ಹೈಡ್ರೋಜನ್ ಹಾಯಿಸಿದ ಎಣ್ಣೆ, ಅಂತ ಕಂಡರೆ ಅಲ್ಲೇ ವಾಪಸ್ ಇಟ್ಟುಬಿಡಿ. ನಮಸ್ಕಾರ.