ಬಸ್ಬಿ ಹೊತ್ತು ತಂದ ದ್ರಾಕ್ಷಿ ಕಡ್ಡಿಗಳು

ನೀವೀಗ ನೋಡ್ತಿರೋ ಈ ಬಿಳಿ ಮನೆ ಇರೋದು ನ್ಯೂಜಿಲೆಂಡಿನ ವೈಟಾಂಗಿಯಲ್ಲಿ. 1840ರ ಫೆಬ್ರವರಿ 6ರಂದು ಇಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಮುಖಂಡರು ಬ್ರಿಟಿಷರ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ್ದು ಇದರ ಮುಂದಿನ ಅಂಗಳದಲ್ಲೇ. ಮನೆ ಜೇಮ್ಸ್ ಬಸ್ಬಿಯದು. ಬ್ರಿಟಿಷ್ ಪ್ರತಿನಿಧಿ ಅಂತ ಹುದ್ದೆಯೇನೋ ಇತ್ತು, ಆದರೆ ಮಾತು ನಡೆಸಿಕೊಳ್ಳೋಕೆ ಒಬ್ಬ ಪೊಲೀಸೂ ಇರಲಿಲ್ಲ. ದ್ರಾಕ್ಷಿ ವಿಷಯಕ್ಕೆ ಬಂದ್ರೆ ಮಾತ್ರ ಆಸಾಮಿ ಗಟ್ಟಿಗ.

ಸ್ಕಾಟ್ಲೆಂಡ್ ಬಿಟ್ಟು 1824ರಲ್ಲಿ ಸಿಡ್ನಿಗೆ ಬಂದವನು 1831ರಲ್ಲಿ ಸ್ಪೇನ್, ಫ್ರಾನ್ಸ್ ಸುತ್ತಿ ಐನೂರಕ್ಕೂ ಹೆಚ್ಚು ತಳಿಗಳ ಕಡ್ಡಿ ಕೂಡಿಹಾಕಿದ. ಅದರಲ್ಲಿ ದೊಡ್ಡ ಪಾಲು ಫ್ರಾನ್ಸಿನ ಮಾಂಟ್‌ಪೆಲಿಯೆ ಸಸ್ಯೋದ್ಯಾನದ್ದು.

ಕೂಡಿಸೋದಲ್ಲ, ತಿಂಗಳುಗಟ್ಟಲೆ ಹಡಗಿನಲ್ಲಿ ಉಳಿಸೋದು ಕಷ್ಟ. ಕಡ್ಡಿ ಕತ್ತರಿಸಬೇಕಾದ್ದು ಚಳಿಗಾಲದಲ್ಲಿ, ಎಲೆಯೆಲ್ಲ ಉದುರಿ ಬಳ್ಳಿ ಮಲಗಿದ್ದಾಗ. ಪೆನ್ಸಿಲ್ ದಪ್ಪ, ಒಂದಡಿ ಉದ್ದ, ಚಿಗುರೊಡೆಯೋ ಮೂರ್ನಾಲ್ಕು ಕಣ್ಣು. ಬುಡಕ್ಕೆ ಗೆಣ್ಣಿನ ಕೆಳಗೇ ನೇರವಾಗಿ ಕತ್ತರಿಸಿ, ತುದಿಗೆ ಓರೆಯಾಗಿ. ಹಾಗೆ ಗುರುತಿಲ್ಲದಿದ್ರೆ ನೆಡುವಾಗ ತಲೆಕೆಳಗಾಗುತ್ತೆ. ತೇವ ಕಮ್ಮಿಯಾದ್ರೆ ಒಣಗುತ್ತೆ, ಜಾಸ್ತಿಯಾದ್ರೆ ಬೂಷ್ಟು ಹಿಡಿಯುತ್ತೆ. ಇವೆರಡನ್ನೂ ದಾಟಿದ್ರೆ ಸಮಭಾಜಕದ ಸೆಕೆ ಕಾದಿರುತ್ತೆ. ಆ ಬಿಸಿಗೆ ಕಣ್ಣು ಒಡೆಯುತ್ತೆ, ಚಿಗುರು ಕಡ್ಡಿಯೊಳಗಿನ ಪಿಷ್ಟವನ್ನೇ ತಿಂದು ಬೆಳೆಯುತ್ತೆ. ಬೇರಿಲ್ಲವಲ್ಲ, ಪಿಷ್ಟ ಮುಗಿದ ಮೇಲೆ ಒಣಗಿ ಹೋಗುತ್ತೆ. ಬದುಕಿ ಬಂದ ಕಡ್ಡಿಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ಎರಡು ಕಣ್ಣು ಮಣ್ಣೊಳಗೆ ಹೋಗೋ ಹಾಗೆ ನೆಡಬೇಕು.

ಇಷ್ಟೆಲ್ಲ ಆಗಿಯೂ 1833ರ ಜನವರಿಗೆ ಸಿಡ್ನಿಯಲ್ಲಿ 362 ತಳಿ ಹಸಿರಾಗಿದ್ವು. ಆ ಕಾಲಕ್ಕೆ ಇದು ಸಾಮಾನ್ಯ ಲೆಕ್ಕವಲ್ಲ. ಮುಂದೆ ಸಿಡ್ನಿ ಸಸ್ಯೋದ್ಯಾನದ ಆ ಸಂಗ್ರಹ ಆರೈಕೆಯಿಲ್ಲದೆ ಹಾಳಾಯ್ತು. ಪುಣ್ಯಕ್ಕೆ ಅವೇ ತಳಿಗಳು ಹಂಟರ್ ಕಣಿವೆಯ ಕರ್ಕ್‌ಟನ್ ತೋಟಕ್ಕೂ ಹೋಗಿದ್ವು. ಅದನ್ನು ನೋಡಿಕೊಳ್ತಿದ್ದವನು ಬಸ್ಬಿಯ ಭಾವ ವಿಲಿಯಂ ಕೆಲ್ಮನ್. ಆಸ್ಟ್ರೇಲಿಯಾದ ಬೇರೆ ತೋಟಗಳಿಗೆ ಕಡ್ಡಿ ಹಬ್ಬಿದ್ದು ಇಂಥ ಕಡೆಗಳಿಂದ.

ಪ್ರತಿನಿಧಿಯಾಗಿ ಬಂದ ಮೇಲೆ ವೈಟಾಂಗಿಯಲ್ಲೂ ಮನೆಗೂ ಧ್ವಜಸ್ತಂಭಕ್ಕೂ ನಡುವೆ ಬಸ್ಬಿ ಬಳ್ಳಿ ಹಾಕಿದ. 1840ರಲ್ಲಿ ಫ್ರೆಂಚ್ ನಾವಿಕ ದ್ಯುಮಾಂ ದ್ಯುರ್ವಿಲ್ ಇಲ್ಲಿನ ಬಿಳಿ ವೈನ್ ಕುಡಿದು ಮೆಚ್ಚಿ ಬರೆದಿಟ್ಟ. ಫ್ರಾನ್ಸಿನವನು ಹೊರಗಿನ ವೈನ್ ಹೊಗಳಿದ ಅಂದ್ರೆ ನೋಡಿ!

ಕ್ರಿಕೆಟ್ ಹುಚ್ಚಿರೋರಿಗೆ ಇನ್ನೊಂದು ವಿಷಯ. 1835ರ ಡಿಸೆಂಬರಿನಲ್ಲಿ ಚಾರ್ಲ್ಸ್ ಡಾರ್ವಿನ್ ಈ ಕಡೆ ಬಂದಾಗ, ಮಿಷನರಿಗಳಿದ್ದ ವೈಮಾಟೆ ಊರಿಗೆ ಹೊರಟವನನ್ನು ಒಂದಷ್ಟು ದೂರ ದೋಣಿಯಲ್ಲಿ ಕರೆದುಕೊಂಡು ಹೋಗ್ತೀನಿ ಅಂದವನೂ ಬಸ್ಬಿಯೇ. ಸಂಜೆ ಅಲ್ಲಿನ ಮಿಷನ್ ತೋಟದ ಮಾವೋರಿ ಹುಡುಗರು ಕ್ರಿಕೆಟ್ ಆಡ್ತಿದ್ರು. ಮಿಷನರಿಗಳು ಬಲು ಬಿಗಿ ಅಂತ ಕೇಳಿದ್ದ ಡಾರ್ವಿನ್‌ಗೆ, ಅವರಲ್ಲೇ ಒಬ್ಬರ ಮಗ ಹುಡುಗರ ಜೊತೆ ಆಟಕ್ಕಿಳಿದದ್ದು ಕಂಡು ನಗು ಬಂತಂತೆ.